ಡಾರ್ವಿನ್ ಆಚೆಯ ಕ್ಲಿನಿಕ್‌ಗೆ ಹೊರಟ ನರ್ಸ್‌ಗೆ: ಹೃದಯದ ಕೆಲಸ ಹೀಗೆ ಶುರು ಮಾಡಿ

ಹಾಸನದ ಹುಡುಗಿಯೊಬ್ಬಳು ಹೋದ ತಿಂಗಳು ಫೋನ್ ಮಾಡಿದ್ದಳು. "ಅಕ್ಕಾ, ಆಸ್ಟ್ರೇಲಿಯಾದ ನಾರ್ದರ್ನ್ ಟೆರಿಟರಿಯಲ್ಲಿ ಕೆಲಸ ಸಿಕ್ಕಿದೆ. ಮೂಲನಿವಾಸಿಗಳ ಊರಿನ ಕ್ಲಿನಿಕ್ ಅಂತೆ. ಏನು ಓದಿಕೊಂಡು ಬರಲಿ?" ಅರ್ಧ ಗಂಟೆ ಮಾತಾಡಿದರೂ ಮುಗಿಯಲಿಲ್ಲ. ಅವಳ ಹಾಗೆ ಇನ್ನೂ ಎಷ್ಟೋ ಜನ ಬರುತ್ತಿದ್ದಾರೆ. ಅದಕ್ಕೇ ಕೂತು ಬರೆಯುತ್ತಿದ್ದೇನೆ.

ನಾನು ಚಿಕ್ಕಮಗಳೂರಿನವಳು. ಬೆಂಗಳೂರಿನಲ್ಲಿ ಆರು ವರ್ಷ ಹೃದಯದ ವಾರ್ಡಿನಲ್ಲಿ ದುಡಿದು ಇಲ್ಲಿಗೆ ಬಂದೆ. ಬಂದು ಒಂಬತ್ತು ವರ್ಷವಾಯಿತು. ನಮ್ಮ ಊರಿನ ಹೆಸರು ಹೇಳುವುದಿಲ್ಲ. ಚಿಕ್ಕ ಊರು, ಯಾರ ಕಥೆ ಅಂತ ಎಲ್ಲರಿಗೂ ಗೊತ್ತಾಗಿಬಿಡುತ್ತದೆ. ಡಾರ್ವಿನ್‌ನಿಂದ ಸಣ್ಣ ವಿಮಾನದಲ್ಲಿ ಬರಬೇಕು. ಮಳೆಗಾಲದಲ್ಲಿ ರಸ್ತೆ ಮುಚ್ಚಿಹೋಗುತ್ತದೆ.

ಒಂದು ಮಾತು ಮೊದಲೇ. ಔಷಧಿ, ಡೋಸ್ ವಿಷಯದಲ್ಲಿ ನಿಮ್ಮ ಕ್ಲಿನಿಕ್‌ನಲ್ಲಿರುವ ಚಿಕಿತ್ಸಾ ಕೈಪಿಡಿಯೇ ಕೊನೆಯ ಮಾತು. ನಾನು ಹೇಳುವುದು ಆ ಕೈಪಿಡಿಯನ್ನು ಕೈಯಲ್ಲಿ ಹಿಡಿದುಕೊಂಡು ಜನರ ಮುಂದೆ ಹೇಗೆ ನಿಲ್ಲಬೇಕು ಅನ್ನುವುದನ್ನು.

ಮೊದಲು ವಯಸ್ಸಿನ ಲೆಕ್ಕ ಬದಲಿಸಿಕೊಳ್ಳಿ

ನಾನು ಬಂದ ಎರಡನೇ ತಿಂಗಳು. ಬೆಳಿಗ್ಗೆ ಹತ್ತರ ಹೊತ್ತಿಗೆ ಒಬ್ಬ ಬಂದ. ವಯಸ್ಸು 34. ತೆಳ್ಳಗೆ ಇದ್ದ, ಫುಟ್‌ಬಾಲ್ ಆಡುವ ಮೈ. ಎದೆಯ ಕೆಳಗೆ ಕೈ ಆಡಿಸುತ್ತಾ "ಇಲ್ಲಿ ಒಂಥರಾ" ಅಂದ. ನನ್ನ ತಲೆಯಲ್ಲಿ ಬಂದಿದ್ದು ಗ್ಯಾಸ್ಟ್ರಿಕ್. ಆಂಟಾಸಿಡ್ ಕೊಟ್ಟು ಹೊರಗೆ ಬೆಂಚಿನ ಮೇಲೆ ಕೂರಿಸಿದೆ. ಇಪ್ಪತ್ತು ನಿಮಿಷ. ನಮ್ಮ ಕ್ಲಿನಿಕ್‌ನ ಅಬಾರಿಜಿನಲ್ ಹೆಲ್ತ್ ಪ್ರಾಕ್ಟಿಷನರ್, ಅಂದರೆ ತರಬೇತಿ ಪಡೆದ ಮೂಲನಿವಾಸಿ ಆರೋಗ್ಯ ಕಾರ್ಯಕರ್ತೆ, ಅದೇ ಊರಿನ ಹೆಣ್ಣುಮಗಳು, ಒಳಗೆ ಬಂದು ಮೆಲ್ಲಗೆ ಹೇಳಿದಳು: "ಅವನ ಅಣ್ಣ ಹೋದಾಗ 36." ಓಡಿಹೋಗಿ ಇಸಿಜಿ ತೆಗೆದೆ. ಗೆರೆಯಲ್ಲಿ ಎಸ್‌ಟಿ ಅನ್ನುವ ಭಾಗ ಎದ್ದು ನಿಂತಿತ್ತು. ಹಾರ್ಟ್ ಅಟ್ಯಾಕ್. ಡಾರ್ವಿನ್‌ಗೆ ವಿಮಾನದಲ್ಲಿ ಕಳಿಸಿದೆವು, ಬದುಕಿದ. ಆ ಇಪ್ಪತ್ತು ನಿಮಿಷ ಮಾತ್ರ ನನಗೆ ಇವತ್ತಿಗೂ ಮರೆತಿಲ್ಲ.

ಇಲ್ಲಿನ ಮೂಲನಿವಾಸಿಗಳಿಗೆ ಹೃದಯದ ಕಾಯಿಲೆ ಬೇರೆ ಆಸ್ಟ್ರೇಲಿಯನ್ನರಿಗಿಂತ 10ರಿಂದ 20 ವರ್ಷ ಮುಂಚೆ ಬರುತ್ತದೆ. ಹೃದಯದ ರಕ್ತನಾಳ ಕಟ್ಟಿಕೊಂಡು ಸಾಯುವವರ ಪ್ರಮಾಣ, ವಯಸ್ಸಿನ ವ್ಯತ್ಯಾಸ ಸರಿಹೊಂದಿಸಿ ನೋಡಿದರೂ, ಸುಮಾರು ಎರಡು ಪಟ್ಟು. 2020–22ರ ಲೆಕ್ಕದಲ್ಲಿ ಮೂಲನಿವಾಸಿ ಗಂಡಸರ ನಿರೀಕ್ಷಿತ ಆಯುಸ್ಸು 71.9 ವರ್ಷ, ಹೆಂಗಸರದು 75.6. ಉಳಿದವರಿಗಿಂತ ಎಂಟೂಚಿಲ್ಲರೆ ವರ್ಷ ಕಡಿಮೆ. ಆ ಎಂಟು ವರ್ಷದಲ್ಲಿ ಹೃದಯದ ಪಾಲು ದೊಡ್ಡದು.

ಹಾಗಾಗಿ ನಿಯಮ ಸರಳ. ಎದೆನೋವು, ಹೊಟ್ಟೆ ಮೇಲ್ಭಾಗದ ನೋವು, ಸುಮ್ನೆ ಸುಸ್ತು ಅಂತ ಯಾರೇ ಬಂದರೂ, ವಯಸ್ಸು 25 ಇರಲಿ, 70 ಇರಲಿ, ಹತ್ತು ನಿಮಿಷದೊಳಗೆ ಇಸಿಜಿ. ಆಮೇಲೆ ಮಾತು. ಇಸಿಜಿಯನ್ನು ಡ್ಯೂಟಿ ಡಾಕ್ಟರ್‌ಗೆ ಕಳಿಸಿ, ಫೋನ್ ಮಾಡಿ. ಸಣ್ಣ ವಿಷಯಕ್ಕೆ ಫೋನ್ ಮಾಡಿದೆ ಅಂತ ಯಾರೂ ಬೈಯುವುದಿಲ್ಲ.

ಇದು ರಕ್ತದಲ್ಲಿ ಬಂದದ್ದಲ್ಲ

"ಅವರ ಜೀನ್ಸೇ ಹಾಗೆ" ಅನ್ನುವ ಮಾತು ನಿಮ್ಮ ಕಿವಿಗೂ ಬೀಳುತ್ತದೆ. ನಂಬಬೇಡಿ. ನನಗೆ ಈ ವಿಷಯದಲ್ಲಿ ಕಣ್ಣು ತೆರೆಸಿದ್ದು 1982ರಲ್ಲಿ ನಡೆದ ಒಂದು ಅಧ್ಯಯನ. ಪಶ್ಚಿಮ ಆಸ್ಟ್ರೇಲಿಯಾದಲ್ಲಿ ಡರ್ಬಿ ಪಕ್ಕ ಮೊವಾಂಜಮ್ ಅಂತ ಊರು. ಅಲ್ಲಿನ ಸಕ್ಕರೆ ಕಾಯಿಲೆಯ 10 ಜನ ಏಳು ವಾರ ತಮ್ಮ ಹಳೆಯ ನೆಲಕ್ಕೆ ಹೋಗಿ ಇದ್ದರು. ಜೊತೆಯಲ್ಲಿದ್ದ ಸಂಶೋಧಕಿ ಕೆರಿನ್ ಒಡೇ. ಅವರು ತಿಂದಿದ್ದು ಬೇಟೆಯಾಡಿ ತಂದ ಕಾಂಗರೂ, ಮೀನು, ಆಮೆ, ಅಗೆದು ತೆಗೆದ ಗೆಡ್ಡೆ, ಕಾಡುಜೇನು. ಏಳು ವಾರಕ್ಕೆ ಸರಾಸರಿ 8 ಕಿಲೋ ತೂಕ ಇಳಿಯಿತು. ಖಾಲಿ ಹೊಟ್ಟೆಯ ಸಕ್ಕರೆ ಇಲ್ಲಿನ ಮಿಲಿಮೋಲ್ ಲೆಕ್ಕದಲ್ಲಿ 11.6ರಿಂದ 6.6ಕ್ಕೆ ಬಂತು. ನಮ್ಮ ಕಡೆಯ ಲೆಕ್ಕದಲ್ಲಿ 209ರಿಂದ 119. ರಕ್ತದ ಕೊಬ್ಬು, ಟ್ರೈಗ್ಲಿಸರೈಡ್, ಅದೂ ಬಿದ್ದುಹೋಯಿತು. ಅದೇ ಜನ, ಅದೇ ರಕ್ತ. ಬದಲಾಗಿದ್ದು ಊಟ, ಓಡಾಟ, ಇರುವ ಜಾಗ.

ಆ ನೆಲವನ್ನು ಬಿಡಿಸಿದ್ದು ಯಾರು? ಮಿಷನ್‌ಗಳಲ್ಲಿ, ದನದ ಫಾರಂಗಳಲ್ಲಿ ಕೂಡಿಹಾಕಿ ಪಡಿತರ ಅಂತ ಕೊಟ್ಟಿದ್ದು ಮೈದಾ ಹಿಟ್ಟು, ಸಕ್ಕರೆ, ಚಹಾಪುಡಿ, ತಂಬಾಕು. ಮಕ್ಕಳನ್ನು ತಾಯಂದಿರ ಕೈಯಿಂದ ಕಿತ್ತುಕೊಂಡು ಹೋದರು. ಅದಕ್ಕೆ ದೇಶದ ಪರವಾಗಿ ಪ್ರಧಾನಿ ಕೆವಿನ್ ರಡ್ ಕ್ಷಮೆ ಕೇಳಿದ್ದು 2008ರಲ್ಲಿ, ನೆನ್ನೆ ಮೊನ್ನೆ. ನೀವು ಬಿಪಿ ನೋಡುವ ಅಜ್ಜಿ ಹಾಗೆ ಕಿತ್ತುಕೊಂಡ ಮಗುವೇ ಆಗಿರಬಹುದು. ಸರ್ಕಾರದ ಕಟ್ಟಡದೊಳಗೆ ಬರಲು ಅವರು ಹಿಂಜರಿದರೆ ಅದಕ್ಕೆ ಕಾರಣ ಇದೆ.

ಮಾತಿನ ಬಗ್ಗೆ ಇನ್ನೊಂದು: "ಅಬಾರಿಜಿನಿ" ಅನ್ನಬೇಡಿ, ಅದು ನೋಯಿಸುವ ಪದ. ಅಬಾರಿಜಿನಲ್ ಜನ, ಅಥವಾ ಅವರ ಭಾಷೆ, ಕುಲದ ಹೆಸರು ಕೇಳಿ ತಿಳಿದು ಅದನ್ನೇ ಹೇಳಿ. ಯೋಲ್ಙು, ಟಿವಿ (Tiwi ದ್ವೀಪದವರು), ವಾರ್ಲ್‌ಪಿರಿ, ಅರೆಂಟೆ, ಹೀಗೆ. ಉತ್ತರದ ದ್ವೀಪಗಳಿಂದ ಬಂದ ಟಾರೆಸ್ ಸ್ಟ್ರೇಟ್ ಜನ ಬೇರೆಯವರು.

ವರ್ಷದ ತಪಾಸಣೆ

ಮೆಡಿಕೇರ್‌ನಲ್ಲಿ, ಅಂದರೆ ಇಲ್ಲಿನ ಸರ್ಕಾರಿ ಆರೋಗ್ಯ ವಿಮೆಯಲ್ಲಿ, 715 ಅಂತ ಒಂದು ಐಟಂ ಇದೆ. ಮೂಲನಿವಾಸಿಗಳಿಗೆ ವರ್ಷಕ್ಕೊಮ್ಮೆ ಪೂರ್ತಿ ತಪಾಸಣೆ. ಊರಲ್ಲಿ "ಸೆವೆನ್ ಫಿಫ್ಟೀನ್ ಆಯ್ತಾ?" ಅಂತಲೇ ಕೇಳುತ್ತಾರೆ. ಇದನ್ನು ಬರೀ ಫಾರಂ ತುಂಬುವ ಕೆಲಸ ಅಂದುಕೊಳ್ಳಬೇಡಿ. ಆ 34ರ ಹುಡುಗನನ್ನು ಹಿಂದಿನ ವರ್ಷ ಯಾರಾದರೂ ಸರಿಯಾಗಿ ನೋಡಿದ್ದರೆ ಅವನ ಕೊಲೆಸ್ಟ್ರಾಲ್ ಆಗಲೇ ಕಾಣುತ್ತಿತ್ತು.

18 ತುಂಬಿದವರಿಗೆಲ್ಲ ಬಿಪಿ, ಸಕ್ಕರೆ, ಕೊಲೆಸ್ಟ್ರಾಲ್, ಕಿಡ್ನಿ, ಸಿಗರೇಟು ಈ ಐದನ್ನೂ ನೋಡಲೇಬೇಕು. 30 ದಾಟಿದರೆ ಅದೆಲ್ಲವನ್ನೂ ರಿಸ್ಕ್ ಲೆಕ್ಕದ ಕ್ಯಾಲ್ಕುಲೇಟರ್‌ಗೆ ಹಾಕಬೇಕು. ಬೇರೆಯವರಿಗೆ ಈ ಲೆಕ್ಕ 45ಕ್ಕೆ ಶುರು, ಸಕ್ಕರೆ ಕಾಯಿಲೆ ಇದ್ದರೆ 35ಕ್ಕೆ. 2023ರಲ್ಲಿ ಹೊಸ ಕ್ಯಾಲ್ಕುಲೇಟರ್ ಬಂದಿದೆ. ಮುಂದಿನ ಐದು ವರ್ಷದಲ್ಲಿ ಹಾರ್ಟ್ ಅಟ್ಯಾಕ್, ಪಾರ್ಶ್ವವಾಯು ಆಗುವ ಸಂಭವ ಎಷ್ಟು ಅಂತ ಹೇಳುತ್ತದೆ. 5%ಗಿಂತ ಕಡಿಮೆ ಇದ್ದರೆ ಕಡಿಮೆ ಅಪಾಯ, 5ರಿಂದ 10 ನಡುಮಟ್ಟ, 10 ಮತ್ತು ಮೇಲೆ ಜಾಸ್ತಿ. ಅಂಕಿ ಗೆರೆಯ ಹತ್ತಿರ ಇದ್ದರೆ ಮೂಲನಿವಾಸಿಗಳನ್ನು ಒಂದು ಮೆಟ್ಟಿಲು ಮೇಲಕ್ಕೆ ಹಾಕುವ ಬಗ್ಗೆ ಯೋಚಿಸಿ ಅಂತ ಅದೇ ಮಾರ್ಗಸೂಚಿ ಹೇಳುತ್ತದೆ. ನಮ್ಮನ್ನೂ, ಅಂದರೆ ಭಾರತ, ಶ್ರೀಲಂಕಾ ಕಡೆಯವರನ್ನೂ, ಹಾಗೆಯೇ ಮೇಲಕ್ಕೆ ಹಾಕಿ ನೋಡಲು ಹೇಳಿದೆ. ನಮಗೂ ಬೇಗ ಬರುತ್ತದೆ ಅಲ್ವಾ. ಕೆಲಸಕ್ಕೆ ಸೇರಿದ ವಾರವೇ ನಿಮ್ಮ ಬಿಪಿಯನ್ನೂ ನೋಡಿಸಿಕೊಳ್ಳಿ.

ಕೈಕೆಲಸದ ಕೆಲವು ವಿಷಯ. ಬಿಪಿ ಪಟ್ಟಿ ತೋಳಿಗೆ ಸರಿಯಾದ ಅಳತೆಯದೇ ಇರಲಿ. ದಪ್ಪ ತೋಳಿಗೆ ಚಿಕ್ಕ ಪಟ್ಟಿ ಕಟ್ಟಿದರೆ ಸುಳ್ಳು ಬಿಪಿ ಬರುತ್ತದೆ. ಬಿಸಿಲಲ್ಲಿ ನಡೆದು ಬಂದವರಿಗೆ ಮೊದಲು ನೀರು ಕೊಡಿ, ಐದು ನಿಮಿಷ ಕೂರಿಸಿ. ಕೊಲೆಸ್ಟ್ರಾಲ್‌ಗೆ ಖಾಲಿ ಹೊಟ್ಟೆ ಬೇಕಿಲ್ಲ, "ನಾಳೆ ಉಪವಾಸ ಬಾ" ಅಂತ ಕಳಿಸಿದರೆ ಅವರು ಮತ್ತೆ ಬರದೇ ಹೋಗಬಹುದು. ಮೂತ್ರ ಪರೀಕ್ಷೆ ಮರೆಯಲೇಬೇಡಿ. ಆಲ್ಬುಮಿನ್ ಅನ್ನುವ ಪ್ರೋಟೀನ್ ಸೋರುತ್ತಿದ್ದರೆ ಅದು ಕಿಡ್ನಿಯ ಸುದ್ದಿ ಮಾತ್ರ ಅಲ್ಲ, ಹೃದಯದ ಸುದ್ದಿಯೂ ಹೌದು. ಸಕ್ಕರೆ ಇಲ್ಲಿ ಮಿಲಿಮೋಲ್‌ನಲ್ಲಿ ಬರುತ್ತದೆ. ಕೈ ಕೂರುವ ತನಕ 18ರಿಂದ ಗುಣಿಸಿ ನೋಡಿಕೊಳ್ಳಿ. ಕೊಲೆಸ್ಟ್ರಾಲ್ ಆದರೆ 38.7ರಿಂದ.

ಸಿಗರೇಟಿನ ವಿಷಯದಲ್ಲಿ ಉಪದೇಶ ಬೇಡ. 2002ರಲ್ಲಿ 15 ದಾಟಿದ ಮೂಲನಿವಾಸಿಗಳಲ್ಲಿ ಹೆಚ್ಚುಕಡಿಮೆ ಅರ್ಧ ಜನ ದಿನಾ ಸೇದುತ್ತಿದ್ದರು. 2018–19ಕ್ಕೆ ಅದು 37%ಗೆ ಇಳಿಯಿತು. ಅವರೇ ಬಿಟ್ಟಿದ್ದಾರೆ, ಒಬ್ಬರನ್ನು ನೋಡಿ ಇನ್ನೊಬ್ಬರು. "ಬಿಟ್ಟವರು ನಿಮ್ಮ ಮನೆಯಲ್ಲಿ ಯಾರಿದ್ದಾರೆ?" ಅಂತ ಕೇಳಿ. ಮಾತು ಅಲ್ಲಿಂದ ಹೊರಡಲಿ.

ಕೂತು ಮಾತಾಡುವುದು

ನಾವು ಕನ್ನಡದವರಿಗೆ ಒಂದು ಅನುಕೂಲ ಇದೆ. ಇಲ್ಲಿ ತಾಯಿಯ ಅಕ್ಕತಂಗಿಯರೂ ತಾಯಿಯೇ. ನಮ್ಮಲ್ಲೂ ದೊಡ್ಡಮ್ಮ, ಚಿಕ್ಕಮ್ಮ ಅನ್ನುವಾಗ ಅಮ್ಮ ಒಳಗೇ ಇದ್ದಾಳೆ. ಮಗುವಿನ ಜೊತೆ ಮೂವರು ಬಂದು ಮೂವರೂ "ನಾನೇ ಅಮ್ಮ" ಅಂದರೆ ನಮಗೆ ಗೊಂದಲ ಆಗಬಾರದು. ಅತ್ತೆ–ಅಳಿಯ ಒಂದೇ ಕೋಣೆಯಲ್ಲಿ ಎದುರುಬದುರು ಕೂರುವುದಿಲ್ಲ, ಮಾತಾಡುವುದಿಲ್ಲ. ಕಾಯುವ ಜಾಗದಲ್ಲಿ ಒಬ್ಬರು ಥಟ್ಟನೆ ಎದ್ದು ಹೊರಗೆ ಹೋದರೆ ಕಾರಣ ಇಷ್ಟೇ ಇರಬಹುದು. ಅವರನ್ನು ಪಕ್ಕದ ಬಾಗಿಲಿಂದ ಕರೆದುಕೊಳ್ಳಿ. ಹಿರಿಯ ಹೆಂಗಸರನ್ನು ಆಂಟಿ ಅನ್ನುತ್ತಾರೆ, ಗಂಡಸರನ್ನು ಅಂಕಲ್. ನಮ್ಮೂರಿನಲ್ಲಿ ಅಂಗಡಿಯಲ್ಲಿ ಕರೆಯುವ ಆಂಟಿ ಅಲ್ಲ ಅದು, ಗೌರವದ ಮಾತು. ಅವರೇ ಹಾಗೆ ಕರೆಯಲು ಬಿಟ್ಟ ಮೇಲೆ ಕರೆಯಿರಿ.

ತೀರಿಹೋದವರ ಹೆಸರು ಬಾಯಲ್ಲಿ ತರಬೇಡಿ. ಮನೆಯವರ ಹೃದಯದ ಇತಿಹಾಸ ಕೇಳುವಾಗ "ನಿಮ್ಮಣ್ಣನ ಹೆಸರೇನು, ಹೇಗೆ ಸತ್ತರು" ಅಂತ ಕೇಳಿದರೆ ಮಾತು ಅಲ್ಲಿಗೆ ನಿಲ್ಲುತ್ತದೆ. "ಮನೆಯಲ್ಲಿ ಯಾರಿಗಾದರೂ ಎದೆಯ ತೊಂದರೆ ಆಗಿತ್ತಾ, ಚಿಕ್ಕ ವಯಸ್ಸಲ್ಲಿ?" ಅಂತ ಕೇಳಿ. ಕೇಳಿ ಸುಮ್ಮನಿರಿ. ಮೌನ ಉದ್ದ ಇರುತ್ತದೆ. ನಮಗೆ ತಡೆಯುವುದಿಲ್ಲ, ಮಧ್ಯೆ ಬಾಯಿ ಹಾಕುತ್ತೇವೆ. ಹಾಕಬೇಡಿ. ಉತ್ತರ ಬರುತ್ತದೆ.

"ಹೂಂ" ಅಂದರೆ ಒಪ್ಪಿದರು ಅಂತ ಅಲ್ಲ. ಇಂಗ್ಲಿಷ್ ಅವರಿಗೆ ಮೂರನೆಯದೋ ನಾಲ್ಕನೆಯದೋ ಭಾಷೆ. ಈ ನರ್ಸಮ್ಮನಿಂದ ಬೇಗ ಬಿಡಿಸಿಕೊಂಡರೆ ಸಾಕು ಅಂತಲೂ ಹೂಂ ಅನ್ನುತ್ತಾರೆ. ಟೆರಿಟರಿಯಲ್ಲಿ ಅಬಾರಿಜಿನಲ್ ಇಂಟರ್‌ಪ್ರಿಟರ್ ಸೇವೆ ಇದೆ, ಫೋನಿನಲ್ಲೂ ಸಿಗುತ್ತಾರೆ. ಆಪರೇಷನ್, ಹೊಸ ಮಾತ್ರೆ, ದೊಡ್ಡ ಸುದ್ದಿ ಏನೇ ಇದ್ದರೂ ಅವರನ್ನು ಕರೆಸಿ. ಮಗುವಿನ ಕೈಯಲ್ಲಿ ಅನುವಾದ ಮಾಡಿಸಬೇಡಿ.

ಫೈಲಿನಲ್ಲಿ "ನಾನ್-ಕಂಪ್ಲಯಂಟ್", ಅಂದರೆ ಹೇಳಿದ್ದು ಕೇಳದವರು, ಅನ್ನುವ ಪದ ಕಂಡರೆ ಅಲ್ಲಿಗೇ ನಿಲ್ಲಿ. ನಮ್ಮೂರಿನ ಒಬ್ಬ ಅಂಕಲ್‌ಗೆ ನಗರದ ಒಂದು ದೊಡ್ಡ ಆಸ್ಪತ್ರೆಯಲ್ಲಿ ಹಾಗೆ ಬರೆದು ಕಳಿಸಿದ್ದರು. ಆಂಜಿಯೋಗ್ರಾಂ ಹಿಂದಿನ ದಿನ ಎದ್ದು ಬಂದಿದ್ದರು. ನಾನು ಅವರ ಮನೆ ಮುಂದೆ ಮರದ ಕೆಳಗೆ ಕೂತು ಕೇಳಿದೆ. ನಾಲ್ಕು ದಿನ ಯಾರೂ ಅವರ ಭಾಷೆಯಲ್ಲಿ ಒಂದು ಮಾತಾಡಿರಲಿಲ್ಲ. ಯಾವುದೋ ಪೇಪರ್‌ಗೆ ಸಹಿ ಹಾಕಿಸಿಕೊಂಡರು. ಹೃದಯವನ್ನೇ ಹೊರಗೆ ತೆಗೆಯುತ್ತಾರೆ ಅಂದುಕೊಂಡಿದ್ದರು. ಎರಡನೇ ಸಲ ಅವರ ಮಗಳನ್ನು ಜೊತೆ ಮಾಡಿ, ಇಂಟರ್‌ಪ್ರಿಟರ್ ಮೊದಲೇ ಗೊತ್ತು ಮಾಡಿ ಕಳಿಸಿದೆವು. ಸ್ಟೆಂಟ್ ಹಾಕಿಸಿಕೊಂಡು ಬಂದರು.

ವಾಲ್ವ್ ಆಪರೇಷನ್ ಆದರೆ ಟೆರಿಟರಿಯಲ್ಲಿ ಆಗುವುದಿಲ್ಲ. ಅಡಿಲೇಡ್‌ಗೋ ಮೆಲ್ಬರ್ನ್‌ಗೋ ಹೋಗಬೇಕು. ಡಾರ್ವಿನ್‌ನಿಂದ ಅಡಿಲೇಡ್ ರಸ್ತೆಯಲ್ಲಿ 3000 ಕಿಲೋಮೀಟರ್. ಕಳಿಸುವ ಮುಂಚೆ ಜೊತೆಗೆ ಯಾರು ಹೋಗುತ್ತಾರೆ, ಅಲ್ಲಿ ಎಲ್ಲಿ ಉಳಿಯುತ್ತಾರೆ, ಬೆಚ್ಚನೆಯ ಬಟ್ಟೆ ಇದೆಯಾ, ಇಷ್ಟನ್ನೂ ನೀವೇ ಕೇಳಿ. ಜುಲೈನಲ್ಲಿ ಅಲ್ಲಿ ಚಳಿ. ಇಲ್ಲಿಂದ ಚಪ್ಪಲಿ, ಟೀ ಶರ್ಟಿನಲ್ಲಿ ಹೊರಡುತ್ತಾರೆ.

ಅಂಗಡಿ

ಇಲ್ಲಿ ಒಂದೇ ಅಂಗಡಿ. ಎಲೆಕೋಸು ವಿಮಾನದಲ್ಲೋ ದೋಣಿಯಲ್ಲೋ ಬರುತ್ತದೆ, ಬೆಲೆ ನೋಡಿದರೆ ಎದೆ ಝಲ್ ಅನ್ನುತ್ತದೆ. ಹಾಗಿರುವಾಗ "ತರಕಾರಿ ಜಾಸ್ತಿ ತಿನ್ನಿ" ಅಂತ ಹೇಳುವುದರಲ್ಲಿ ಅರ್ಥ ಇಲ್ಲ. ಮೊದಲ ವಾರ ನೀವೇ ಅಂಗಡಿಗೆ ಹೋಗಿ ಏನಿದೆ, ಎಷ್ಟಿದೆ ನೋಡಿ. ಆಮೇಲೆ ಅಲ್ಲಿ ಸಿಗುವುದನ್ನೇ ಹೇಳಿ: ಕೋಲಾ ಬದಲು ನೀರು, ಡಬ್ಬಿಯ ಮೀನು, ಉಪ್ಪಿಲ್ಲದ ಡಬ್ಬಿಯ ಕಾಳು. ಮೀನು ಹಿಡಿಯಲು, ಬೇಟೆಗೆ ಹೋಗುವವರಿದ್ದರೆ ಅದು ವ್ಯಾಯಾಮವೂ ಹೌದು, ಊಟವೂ ಹೌದು, ಮನಸ್ಸಿಗೂ ಒಳ್ಳೆಯದು. ಹೊಗಳಿ. ಇಂಥ ದೂರದ ಊರುಗಳ 20 ಅಂಗಡಿಗಳನ್ನು ತೆಗೆದುಕೊಂಡು, ಅದರಲ್ಲಿ 10ರಲ್ಲಿ 12 ವಾರ ಸಿಹಿ ಪಾನೀಯಗಳನ್ನು ಎದುರಿಂದ ಸರಿಸಿ ನೋಡಿದ್ದಾರೆ. ಸಕ್ಕರೆ ಮಾರಾಟ ಕಡಿಮೆಯಾಯಿತು. ಅಂಗಡಿಯ ಕಮಿಟಿಯಲ್ಲಿ ಊರಿನ ಹಿರಿಯರಿದ್ದರೆ ಅವರ ಜೊತೆ ಈ ಮಾತಾಡುವುದು ನೂರು ಪೋಸ್ಟರ್ ಅಂಟಿಸುವುದಕ್ಕಿಂತ ಮೇಲು.

ಗಂಟಲು ನೋವು, ಕಜ್ಜಿ, ಮತ್ತೆ ಆ ಇಂಜೆಕ್ಷನ್

ಇದನ್ನು ಕೊನೆಗೆ ಇಟ್ಟುಕೊಂಡಿದ್ದು ಇದೇ ಎಲ್ಲಕ್ಕಿಂತ ಮುಖ್ಯ ಅಂತ.

ರುಮ್ಯಾಟಿಕ್ ಹೃದಯದ ಕಾಯಿಲೆ, ಅಂದರೆ ರುಮ್ಯಾಟಿಕ್ ಜ್ವರ ಬಂದು ಹೃದಯದ ವಾಲ್ವ್ ಕೆಡುವುದು, ನಮಗೆ ಗೊತ್ತಿರುವುದೇ. ಬೆಂಗಳೂರಿನ ವಾರ್ಡಿನಲ್ಲಿ ಉತ್ತರ ಕರ್ನಾಟಕದಿಂದ ಬರುತ್ತಿದ್ದ ಬಸುರಿ ಹೆಣ್ಣುಮಕ್ಕಳು, ವಾಲ್ವ್ ಕಿರಿದಾಗಿ ಉಸಿರಿಗೆ ಒದ್ದಾಡುತ್ತಿದ್ದದ್ದು, ಬಲೂನ್ ಹಾಕಿ ಬಿಡಿಸುತ್ತಿದ್ದದ್ದು ನನ್ನ ಕಣ್ಣ ಮುಂದೆ ಇದೆ. ಇಷ್ಟು ಶ್ರೀಮಂತ ದೇಶದಲ್ಲಿ ಅದನ್ನೇ ಮತ್ತೆ ನೋಡುತ್ತೇನೆ ಅಂದುಕೊಂಡಿರಲಿಲ್ಲ. ಸಿಡ್ನಿ, ಮೆಲ್ಬರ್ನ್‌ನ ಎಷ್ಟೋ ನರ್ಸ್‌ಗಳು ರುಮ್ಯಾಟಿಕ್ ಜ್ವರವನ್ನು ಪುಸ್ತಕದಲ್ಲಿ ಮಾತ್ರ ನೋಡಿದ್ದಾರೆ. ಆಸ್ಟ್ರೇಲಿಯಾದಲ್ಲಿ ಈ ಜ್ವರ ಬರುವ 100 ಜನರಲ್ಲಿ 90ಕ್ಕೂ ಹೆಚ್ಚು ಮಂದಿ ಮೂಲನಿವಾಸಿಗಳು. ಎರಡು ಜನಗಳ ನಡುವಿನ ಅಂತರ ಇಷ್ಟು ಎದ್ದು ಕಾಣುವ ಕಾಯಿಲೆ ಇನ್ನೊಂದಿಲ್ಲ.

ಶುರುವಾಗುವುದು ಸ್ಟ್ರೆಪ್ ಕ್ರಿಮಿಯಿಂದ. ಗಂಟಲಲ್ಲಿ, ಚರ್ಮದ ಹುಣ್ಣಿನಲ್ಲಿ. ಮೂರು ಕೋಣೆಯ ಮನೆಯಲ್ಲಿ ಹದಿನೈದು ಜನ, ಕೆಟ್ಟ ಷವರ್, ಓಡದ ವಾಷಿಂಗ್ ಮೆಷಿನ್. ಕ್ರಿಮಿಗೆ ಇನ್ನೇನು ಬೇಕು? ಹಾಗಾಗಿ ಮಗುವಿಗೆ ಗಂಟಲು ನೋವು ಅಂದರೆ ಸ್ವಾಬ್ ವರದಿಗೆ ಕಾಯದೆ ಕೈಪಿಡಿಯಂತೆ ಚಿಕಿತ್ಸೆ ಕೊಡಿ. ಕಜ್ಜಿ ಇದ್ದರೆ ಮನೆಯವರಿಗೆಲ್ಲ ಒಟ್ಟಿಗೆ ಕೊಡಿ. ಮನೆಯ ನಲ್ಲಿ ಕೆಟ್ಟಿದ್ದರೆ ರಿಪೇರಿಗೆ ನೀವೇ ಬರೆದು ಹಾಕಿ, ಮತ್ತೆ ವಿಚಾರಿಸಿ. ಅದೂ ಹೃದಯದ ಚಿಕಿತ್ಸೆಯೇ.

ಮಗು ಕುಂಟುತ್ತಾ ಬಂದರೆ "ಆಟ ಆಡಿ ಬಿದ್ದಿರಬೇಕು" ಅಂತ ಕಳಿಸಬೇಡಿ. ಇವತ್ತು ಮಂಡಿ, ನಾಳೆ ಕಣಕಾಲು ಅಂತ ನೋವು ಜಾಗ ಬದಲಿಸಿದರೆ, ಸಣ್ಣ ಜ್ವರ ಇದ್ದರೆ, ಕೈಕಾಲು ತಾನಾಗಿ ಅದುರಿದರೆ, ಡಾಕ್ಟರ್‌ಗೆ ಫೋನ್, ಆಸ್ಪತ್ರೆಗೆ ಕಳಿಸುವುದು. ಟೆರಿಟರಿಯಲ್ಲಿ ಇದನ್ನು ವರದಿ ಮಾಡಲೇಬೇಕು, ರಿಜಿಸ್ಟರ್ ಇದೆ.

ಒಮ್ಮೆ ಬಂದವರಿಗೆ ಮತ್ತೆ ಬರದಂತೆ ಬೆಂಜಥೀನ್ ಪೆನಿಸಿಲಿನ್. ನಾವು ಊರಲ್ಲಿ ಪೆನಿಡ್ಯೂರ್ ಅನ್ನುತ್ತೇವಲ್ಲ, ಅದೇ. ಪುಡಿ ಕಲಸಿ, ಸೂಜಿ ಕಟ್ಟಿಕೊಂಡು ಒದ್ದಾಡುವ ಕೆಲಸ ಇಲ್ಲಿ ಸಾಮಾನ್ಯವಾಗಿ ಇಲ್ಲ. ತುಂಬಿದ ಸಿರಿಂಜ್ ಫ್ರಿಡ್ಜ್‌ನಲ್ಲಿ ಇರುತ್ತದೆ. 20 ಕಿಲೋ ಮತ್ತು ಮೇಲಿದ್ದರೆ 12 ಲಕ್ಷ ಯೂನಿಟ್, ಕಡಿಮೆ ಇದ್ದರೆ 6 ಲಕ್ಷ. ಒಂದು ಇಂಜೆಕ್ಷನ್‌ನಿಂದ ಮುಂದಿನದಕ್ಕೆ 28 ದಿನ ದಾಟಬಾರದು. 21ನೇ ದಿನದಿಂದಲೇ ಕೊಡಬಹುದು, ಹಾಗಾಗಿ ಯಾರಾದರೂ ಬೇರೆ ಊರಿಗೆ ಹೊರಟಿದ್ದರೆ ಮುಂಚೆಯೇ ಕೊಟ್ಟು ಕಳಿಸಿ. ಜ್ವರ ಬಂದ ಮೇಲೆ ಕಡಿಮೆಯೆಂದರೆ ಐದು ವರ್ಷ, ಅಥವಾ 21 ತುಂಬುವ ತನಕ, ಯಾವುದು ದೂರವೋ ಅದು. ವಾಲ್ವ್‌ಗೆ ಸ್ವಲ್ಪ ಪೆಟ್ಟಾಗಿದ್ದರೆ ಐದರ ಬದಲು ಹತ್ತು ವರ್ಷ. ಜಾಸ್ತಿ ಕೆಟ್ಟಿದ್ದರೆ 35, 40ರ ತನಕವೂ ಹೋಗುತ್ತದೆ.

ಈ ಇಂಜೆಕ್ಷನ್ ನೋಯುತ್ತದೆ. ತುಂಬಾ ನೋಯುತ್ತದೆ. ಮಕ್ಕಳು ತಪ್ಪಿಸಿಕೊಳ್ಳುವುದು ಇದಕ್ಕೇ. ನೋವು ಕಡಿಮೆ ಮಾಡುವುದು ನಿಮ್ಮ ಕೈಯಲ್ಲಿದೆ. ಸಿರಿಂಜ್ ಫ್ರಿಡ್ಜ್‌ನಿಂದ ಮೊದಲೇ ತೆಗೆದಿಡಿ, ಕೋಣೆಯ ಬಿಸಿಗೆ ಬರಲಿ. ನಾನು ಅಂಗೈಯಲ್ಲಿ ಹಿಡಿದು ಮಗುವಿನ ಜೊತೆ ಮಾತಾಡುತ್ತಾ ಇರುತ್ತೇನೆ. ಅಲರ್ಜಿ ಪ್ರತಿ ಸಲ ಕೇಳಿ, ಅಡ್ರಿನಲಿನ್ ಪಕ್ಕದಲ್ಲಿರಲಿ. ಸೊಂಟದ ಪಕ್ಕವೋ ತೊಡೆಯೋ, ಜಾಗವನ್ನು ಮಗುವೇ ಆರಿಸಲಿ. ಸ್ಪಿರಿಟ್ ಪೂರ್ತಿ ಒಣಗಲಿ. ಚುಚ್ಚುವ ಜಾಗವನ್ನು ಹೆಬ್ಬೆರಳಿಂದ 10 ಸೆಕೆಂಡ್ ಗಟ್ಟಿಯಾಗಿ ಒತ್ತಿ. ಆಮೇಲೆ ಸೂಜಿ. ಔಷಧಿಯನ್ನು ನಿಧಾನಕ್ಕೆ ಬಿಡಿ, ಎರಡು ಮೂರು ನಿಮಿಷ. ಗಡಿಯಾರ ನೋಡಿಕೊಂಡೇ ಬಿಡಿ. ನಮ್ಮ ಲೆಕ್ಕದ ಒಂದು ನಿಮಿಷ ನಿಜಕ್ಕೂ ಇಪ್ಪತ್ತು ಸೆಕೆಂಡ್ ಆಗಿರುತ್ತದೆ. ಬೇಕಾದವರಿಗೆ ಜಾಗ ಮರಗಟ್ಟಿಸುವ ಲಿಗ್ನೊಕೇನ್ ಸೇರಿಸುವ ವಿಧಾನ ಕೈಪಿಡಿಯಲ್ಲಿದೆ, ಡಾಕ್ಟರ್ ಹತ್ತಿರ ಕೇಳಿ. ಮಗುವನ್ನು ಯಾವತ್ತೂ ಹಿಡಿದು ಅದುಮಿ ಚುಚ್ಚಬೇಡಿ. ಆ ಒಂದು ದಿನದ ಇಂಜೆಕ್ಷನ್ ಸಿಕ್ಕರೂ ಮುಂದಿನ ಹತ್ತು ಸಿಗುವುದಿಲ್ಲ.

28 ದಿನಕ್ಕೊಂದು ಅಂದರೆ ವರ್ಷಕ್ಕೆ 13. ನಮ್ಮ ಊರಿನ ಒಬ್ಬ ಹುಡುಗನಿಗೆ 11ರಲ್ಲಿ ಜ್ವರ ಬಂತು, ವಾಲ್ವ್‌ಗೆ ಸ್ವಲ್ಪ ಪೆಟ್ಟಾಗಿದೆ. 21ರ ತನಕ ಹತ್ತು ವರ್ಷ, 130 ಇಂಜೆಕ್ಷನ್. ಈಗ ಅವನಿಗೆ 14. ಮೊದಲ ವರ್ಷ ನನ್ನ ಗಾಡಿ ಸದ್ದು ಕೇಳಿದರೆ ಮನೆ ಹಿಂದಿನ ಪೊದೆಗೆ ಓಡುತ್ತಿದ್ದ. ಈಗ ತಾನೇ ಬರುತ್ತಾನೆ, ಬಲ ತೊಡೆ ಒಂದು ಸಲ, ಎಡ ತೊಡೆ ಒಂದು ಸಲ, ಲೆಕ್ಕ ಅವನದೇ. ಗೋಡೆಯ ಮೇಲಿನ ಹಾಳೆಯಲ್ಲಿ ಗುರುತು ಹಾಕುವುದೂ ಅವನೇ. 38 ಆಗಿದೆ. ಮುಂದಿನದು ಬುಧವಾರ. ಮೀನು ಹಿಡಿಯಲು ಹೊರಟುಬಿಟ್ಟಾರು ಅಂತ ಮಂಗಳವಾರ ಸಂಜೆಯೇ ಅವನ ಅಜ್ಜಿಗೆ ಒಂದು ಮಾತು ಹೇಳಿ ಬರಬೇಕು.